ಹಳೇ ಪದ್ಮಿನಿಗೆ ದುಬಾರಿ ಎಣ್ಣೆ ಹಾಕಿಸಿ ಹೊಸ ಕ್ಯಾಮ್ ಹಾಳು ಮಾಡಿಕೊಂಡೆ

ಹಳೇ ಕಾರು ಇಟ್ಟುಕೊಂಡಿರುವವರು, ಅದರಲ್ಲೂ ಈಗಷ್ಟೇ ಎಂಜಿನ್ ಕೆಲಸ ಮಾಡಿಸಿದವರು, ಎಣ್ಣೆ ಕೊಳ್ಳೋ ಮೊದಲು ಇದನ್ನೊಮ್ಮೆ ಓದಿ.

ನಮ್ಮ ಮನೆಯಲ್ಲಿ ಅಪ್ಪ ಕೊಂಡ 1986ರ ಪ್ರೀಮಿಯರ್ ಪದ್ಮಿನಿ ಇದೆ. ಹೊಗೆ ಜಾಸ್ತಿಯಾಯಿತು ಅಂತ ಬೋರ್ ಮಾಡಿಸಿ, ಪಿಸ್ಟನ್, ರಿಂಗು, ಕ್ಯಾಮ್ ಶಾಫ್ಟ್ (ಎಂಜಿನ್ನಿನ ವಾಲ್ವುಗಳನ್ನು ತೆರೆಸುವ, ಮೈಮೇಲೆ ಉಬ್ಬುಗಳಿರೋ ದಂಡ), ಟ್ಯಾಪೆಟ್ (ಆ ಉಬ್ಬಿನ ತಳ್ಳನ್ನು ವಾಲ್ವಿನ ಕಡೆಗೆ ದಾಟಿಸುವ ತುಂಡು) ಎಲ್ಲ ಹೊಸದು ಹಾಕಿಸಿದೆ. ಮೆಕ್ಯಾನಿಕ್ಕಿನದು ಏನೂ ತಪ್ಪಿಲ್ಲ. "ಎಣ್ಣೆ ನಾನೇ ತರ್ತೀನಿ" ಅಂತ ಎದ್ದು ಹೋದವನು ನಾನು. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದುಬಾರಿ ಡಬ್ಬ ತಂದೆ. 5ಡಬ್ಲ್ಯೂ-30 (ಎಣ್ಣೆಯ ಗಟ್ಟಿತನದ ನಂಬರ್, ಮೊದಲಿನದು ಚಳಿಗೆ, ಎರಡನೆಯದು ಬಿಸಿ ಎಂಜಿನ್ನಿಗೆ), ಫುಲ್ ಸಿಂಥೆಟಿಕ್, ಎಪಿಐ ಎಸ್‌ಎನ್ ಅನ್ನೋ ಗುಣಮಟ್ಟದ ದರ್ಜೆ. ಅವತ್ತು ಮೆಕ್ಯಾನಿಕ್ ಇರಲಿಲ್ಲ, ಗ್ಯಾರೇಜಿನ ಹುಡುಗ ಡಬ್ಬವನ್ನು ನೋಡದೆಯೇ ಸುರಿದ.

ಮೊದಲ ವಾರ ಗಾಡಿ ಬೆಣ್ಣೆ ಹಾಗೆ ಓಡಿತು. ಹಾಸನದಿಂದ ಉಪ್ಪಿನಂಗಡಿಗೆ ಹೋಗಿ ವಾಪಸ್ ಬರುವಾಗ ಶಿರಾಡಿ ಘಾಟಿ ಹತ್ತಿ ಸಕಲೇಶಪುರದಲ್ಲಿ ಕಾಫಿಗೆ ನಿಲ್ಲಿಸಿದೆವು. ಐಡ್ಲಿಂಗಿಗೆ ಬಂದ ಕೂಡಲೇ ಎಣ್ಣೆಯ ಪ್ರೆಶರ್ ಕಡಿಮೆ ಅನ್ನೋ ಕೆಂಪು ದೀಪ ಮಿಣಮಿಣ ಅಂತು. ಆಕ್ಸಿಲರೇಟರ್ ಒತ್ತಿದರೆ ಆರುತ್ತೆ, ಬಿಟ್ಟರೆ ಮತ್ತೆ ಹತ್ತುತ್ತೆ. ಡಿಪ್‌ಸ್ಟಿಕ್ ನೋಡಿದರೆ ಎಣ್ಣೆ ಸರಿಯಾಗೇ ಇತ್ತು. ವೈರು ಲೂಸಿರಬೇಕು ಅಂತ ಸುಮ್ಮನಾದೆ.

ಆಮೇಲೆ ಟ್ಯಾಪೆಟ್ ಸದ್ದು ಶುರುವಾಯಿತು. ವಾಲ್ವಿನ ಗ್ಯಾಪ್ ಸೆಟ್ ಮಾಡಿಸಿದೆ. ಹತ್ತು ದಿನಕ್ಕೆ ಮತ್ತೆ ಟಿಕ್ ಟಿಕ್. ಇನ್ನೊಮ್ಮೆ ಸೆಟ್ ಮಾಡಿಸಿದೆ. ಪ್ರತಿಸಲವೂ ಅದೇ ಒಂದು ವಾಲ್ವಿನ ಗ್ಯಾಪ್ ದೊಡ್ಡದಾಗಿರೋದು. ಇದೇ ಗುಟ್ಟು ಕಣ್ರೀ, ಅಲ್ಲೇ ಗೊತ್ತಾಗಬೇಕಿತ್ತು! ಒಂದೇ ವಾಲ್ವಿನ ಗ್ಯಾಪ್ ಪದೇಪದೇ ಬೆಳೀತಿದೆ ಅಂದರೆ ಕೆಳಗೆ ಏನೋ ಸವೀತಿದೆ ಅಂತ. ಕೊನೆಗೆ ಕಾರ್ಬುರೇಟರ್ ಕೆಮ್ಮೋಕೆ ಶುರುಮಾಡಿ, ಚಿಕ್ಕ ದಿಣ್ಣೆಗೂ ಸೆಕೆಂಡ್ ಗೇರ್ ಕೇಳಿತು.

ಬಿಚ್ಚಿದರು. ಕ್ಯಾಮ್‌ನ ಉಬ್ಬು ಕೋಳಿಮೊಟ್ಟೆಯ ತುದಿ ಹಾಗೆ ಚೂಪಾಗಿರಬೇಕು. ಒಂದು ಎಕ್ಸಾಸ್ಟ್ ಉಬ್ಬು (ಹೊಗೆ ಹೊರಬಿಡುವ ವಾಲ್ವಿನದು) ನಿಂಬೆಹಣ್ಣಿನ ಹಾಗೆ ದುಂಡಗಾಗಿತ್ತು. ಅದರ ಟ್ಯಾಪೆಟ್ ತಳ ಕನ್ನಡಿ ಹಾಗೆ ಮಟ್ಟಸವಾಗಿರೋ ಬದಲು ನಡುವೆ ಉಗುರು ಕೂರುವಷ್ಟು ಕುಳಿ ಬಿದ್ದಿತ್ತು. ಮೆಕ್ಯಾನಿಕ್ ಅದನ್ನು ನನ್ನ ಅಂಗೈಯಲ್ಲಿಟ್ಟು, "ಏನ್ ಎಣ್ಣೆ ಹಾಕಿಸಿದ್ರಿ ಸಾರ್?" ಅಂದರು. ಖಾಲಿ ಡಬ್ಬ ತೋರಿಸಿದೆ. ಅವರು ಏನೂ ಹೇಳಲಿಲ್ಲ, ಡಬ್ಬ ವಾಪಸ್ ಕೊಟ್ಟರು. ಬೈದಿದ್ದರೇ ವಾಸಿಯಿತ್ತು.

ವಿಷಯ ಇಷ್ಟು. ಪದ್ಮಿನಿಯಲ್ಲಿ ಕ್ಯಾಮ್ ಮೇಲೆ ಟ್ಯಾಪೆಟ್ ನೇರವಾಗಿ ಉಜ್ಜುತ್ತದೆ, ನಡುವೆ ರೋಲರ್ ಇಲ್ಲ. ಆ ಉಜ್ಜಾಟ ತಡೆಯೋದು ಎಣ್ಣೆಯಲ್ಲಿರುವ ಜಿಂಕ್ ಮತ್ತು ಫಾಸ್ಫರಸ್. ಆದರೆ ಫಾಸ್ಫರಸ್ ಹೊಸ ಕಾರಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆ. ಅದಕ್ಕೆ 2010ರಲ್ಲಿ ಬಂದ ಎಸ್‌ಎನ್ ದರ್ಜೆಯ 5ಡಬ್ಲ್ಯೂ-30ರಂಥ ತೆಳು ಎಣ್ಣೆಯಲ್ಲಿ ಅದು ಶೇ. 0.08 ಮೀರುವಂತಿಲ್ಲ. ಹಳೇ ಎಣ್ಣೆಗಳಲ್ಲಿ ಇದಕ್ಕಿಂತ ಜಾಸ್ತಿ ಇರುತ್ತಿತ್ತು. ಹಳೇ ಕ್ಯಾಮ್ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿತ್ತೇನೋ. ಹೊಸ ಕ್ಯಾಮ್, ಹೊಸ ಟ್ಯಾಪೆಟ್ ಒಂದಕ್ಕೊಂದು ಹೊಂದಿಕೊಳ್ಳುವ ಮೊದಲ ದಿನಗಳಲ್ಲೇ ನಾನು ಇದನ್ನು ಸುರಿದಿದ್ದೆ.

ದೀಪದ ಕಥೆ ಬೇರೆ. ಬಿಸಿಯಾದ ಎಂಜಿನ್ನಿನಲ್ಲಿ 30ರ ಎಣ್ಣೆ 40, 50ಕ್ಕಿಂತ ತೆಳು. ಹಳೇ ಬೇರಿಂಗ್ ಸಂದಿಗಳಿಗೆ ಅದು ಸಾಲದೆ ಐಡ್ಲಿಂಗಿನಲ್ಲಿ ಪ್ರೆಶರ್ ಬೀಳುತ್ತದೆ. ಇನ್ನು 5ಡಬ್ಲ್ಯೂ ಅನ್ನೋದು ಹಿಮ ಬೀಳುವ ಊರಿನ ಲೆಕ್ಕ. ಹಾಸನದಲ್ಲಿ 12 ಡಿಗ್ರಿಗೇ ನಾವು ಮಫ್ಲರ್ ಹುಡುಕ್ತೀವಿ, ಅಲ್ವಾ?

ಸಿಂಥೆಟಿಕ್ಕೇ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಡಬ್ಬದ ಮುಂದಿನ ಬಣ್ಣ ನೋಡಬೇಡಿ, ಹಿಂದೆ ಬರೆದಿರೋ ನಂಬರ್ ಓದಿ. ಈಗ ನಾನು ಹಾಕಿಸೋದು ಸಾದಾ 20ಡಬ್ಲ್ಯೂ-50, ಆ ದುಬಾರಿ ಡಬ್ಬದ ಅರ್ಧ ಬೆಲೆಯೂ ಇಲ್ಲ. ಕೆಲವರು ಸಿಐ-4 ದರ್ಜೆಯ 15ಡಬ್ಲ್ಯೂ-40 ಡೀಸೆಲ್ ಎಣ್ಣೆ ಹಾಕ್ತಾರೆ, ಅದರಲ್ಲೂ ಜಿಂಕ್ ಚೆನ್ನಾಗಿರುತ್ತದೆ. ಎಂಜಿನ್ ಕೆಲಸ ಮಾಡಿಸಿದ್ದರೆ ಮೊದಲ ಎಣ್ಣೆ ಯಾವುದು ಅಂತ ಮೆಕ್ಯಾನಿಕ್ಕನ್ನೇ ಕೇಳಿ, ಅವರ ಎದುರಿಗೇ ಸುರಿಸಿ.

ಎರಡನೇ ಸಲದ ಕ್ಯಾಮ್, ಟ್ಯಾಪೆಟ್, ಕೂಲಿ ಸೇರಿ 22 ಸಾವಿರ ಆಯಿತು. ಟಾಪಪ್‌ಗೆ ಅಂತ ತಂದಿದ್ದ ಇನ್ನೊಂದು ಲೀಟರ್ ಡಬ್ಬ ಸೀಲ್ ಕೂಡ ಒಡೆಯದೆ ಶೆಡ್ಡಿನಲ್ಲಿ ಕೂತಿದೆ. 5ಡಬ್ಲ್ಯೂ-30 ಕೇಳುವ ಹೊಸ ಕಾರಿರೋರು ಹಾಸನದ ಕಡೆ ಬಂದರೆ ತಗೊಂಡು ಹೋಗಿ.