ಗಾಂಧಿ ಬಜಾರಿನ ದಿನಸಿ ಅಂಗಡಿ: ನನ್ನ ಮಗಳ ಕಾರ್ನ್ ಫ್ಲೋರ್ ಸಿಗುವ ಜಾಗ

ಗಾಂಧಿ ಬಜಾರಿನ ಹೂವಿನ ಸಾಲು ದಾಟಿದ ಮೇಲೆ ಸಿಗುವ ಅಡ್ಡರಸ್ತೆಯೊಂದರಲ್ಲಿ ಹಳೆಯ ದಿನಸಿ ಅಂಗಡಿಯಿದೆ. ಅಲ್ಲಿಗೆ ಹೆಚ್ಚಿನವರು ಬೇಳೆ, ಬೆಲ್ಲ, ಸಾರಿನ ಪುಡಿಗೆಂದು ಹೋಗುತ್ತಾರೆ. ನಾನು ಹೋಗುವುದು ಕಾರ್ನ್ ಫ್ಲೋರ್‌ಗೆ. ಉಳಿದವರ ಮನೆಯಲ್ಲಿ ಸೂಪಿಗೆ, ಗೋಬಿ ಮಂಚೂರಿಗೆ ಹಾಕುವ ಆ ಬಿಳಿ ಪುಡಿ ನಮ್ಮ ಮನೆಯಲ್ಲಿ ಔಷಧ. ಆರು ವರ್ಷದ ನನ್ನ ಮಗಳು ಅದನ್ನು ತಣ್ಣೀರಿನಲ್ಲಿ ಕದಡಿ, ಹಸಿಯಾಗಿಯೇ, ಹಗಲೂ ರಾತ್ರಿ ಗಂಟೆ ನೋಡಿಕೊಂಡು ಕುಡಿಯಬೇಕು.

ಅವಳಿಗಿರುವುದು ಗ್ಲೈಕೋಜನ್ ಶೇಖರಣಾ ಕಾಯಿಲೆ. ಊಟವಾದ ಮೇಲೆ ರಕ್ತಕ್ಕೆ ಬಂದ ಗ್ಲೂಕೋಸನ್ನು ಇನ್ಸುಲಿನ್ನಿನ ಸೂಚನೆಯಂತೆ ಯಕೃತ್ತು ಕವಲೊಡೆದ ಸರಪಳಿಯಾಗಿ ಪೋಣಿಸಿ ಇಟ್ಟುಕೊಳ್ಳುತ್ತದೆ. ಅದೇ ಗ್ಲೈಕೋಜನ್. ದೊಡ್ಡವರ ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಇರುತ್ತದೆ. ಆದರೆ ಸ್ನಾಯು ತನ್ನ ಪಾಲನ್ನು ತಾನೇ ಉರಿಸಿಕೊಳ್ಳುತ್ತದೆ, ರಕ್ತಕ್ಕೆ ಕೊಡುವುದಿಲ್ಲ. ರಾತ್ರಿ ನಾವು ಮಲಗಿರುವಾಗ ಮೆದುಳಿಗೆ ಗ್ಲೂಕೋಸ್ ಒದಗಿಸುವುದು ಯಕೃತ್ತಿನ ಕೆಲಸ. ಗ್ಲುಕಗಾನ್ ಹಾರ್ಮೋನ್ ಏರಿದಾಗ ಸರಪಳಿಯ ತುದಿಯಿಂದ ಒಂದೊಂದೇ ಘಟಕ ಕಳಚುತ್ತದೆ. ಹಾಗೆ ಕಳಚಿದ್ದಕ್ಕೆ ಫಾಸ್ಫೇಟ್ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸುವ ಕಿಣ್ವದ ಹೆಸರು ಗ್ಲೂಕೋಸ್-6-ಫಾಸ್ಫಟೇಸ್. ನನ್ನ ಮಗಳಲ್ಲಿ ಕೆಲಸ ಮಾಡದಿರುವುದು ಆ ಒಂದೇ ಕಿಣ್ವ. ಹೊಟ್ಟೆಯಲ್ಲಿ ಉಗ್ರಾಣ ತುಂಬಿ ಯಕೃತ್ತು ಊದಿಕೊಂಡಿದ್ದರೂ ಬಾಗಿಲು ತೆರೆಯುವುದಿಲ್ಲ, ಕೆಲವೇ ಗಂಟೆಗಳಲ್ಲಿ ರಕ್ತದ ಸಕ್ಕರೆ ಕುಸಿಯುತ್ತದೆ. ಈ ಕೊರತೆಯನ್ನು 1952ರಲ್ಲಿ ಗುರುತಿಸಿದವರು ಗರ್ಟಿ ಮತ್ತು ಕಾರ್ಲ್ ಕೋರಿ ದಂಪತಿ. ಗ್ಲೈಕೋಜನ್ ಹೇಗೆ ಒಡೆಯುತ್ತದೆ ಎಂದು ತಿಳಿಸಿಕೊಟ್ಟಿದ್ದಕ್ಕೆ 1947ರಲ್ಲೇ ಅವರಿಗೆ ನೊಬೆಲ್ ಬಂದಿತ್ತು. ಹಸಿ ಕಾರ್ನ್ ಫ್ಲೋರ್‌ನ ಚಿಕಿತ್ಸೆ ಬಂದದ್ದು 1984ರಲ್ಲಿ. ಹಸಿ ಪಿಷ್ಟದ ಕಣ ಕರುಳಿನಲ್ಲಿ ನಿಧಾನವಾಗಿ ಜೀರ್ಣವಾಗಿ ಗಂಟೆಗಟ್ಟಲೆ ಗ್ಲೂಕೋಸ್ ಬಿಡುತ್ತದೆ. ಬಿಸಿನೀರು ತಾಗಿದರೆ ಕಣ ಊದಿ ಒಡೆಯುತ್ತದೆ, ಗ್ಲೂಕೋಸ್ ಒಮ್ಮೆಲೇ ಬಂದು ಬೇಗ ಮುಗಿಯುತ್ತದೆ. ನಮಗೆ ಅದರಿಂದ ಉಪಯೋಗವಿಲ್ಲ.

ಇಷ್ಟನ್ನು ನಾನು ಅಂಗಡಿಯ ಯಜಮಾನರಿಗೆ ವಿವರಿಸಿದ್ದೇನೆ. ಅವರು ಕೇಳಿಸಿಕೊಂಡರು, ನೆನಪಿಟ್ಟುಕೊಂಡರು. ನಾನು ಐದು ನಕ್ಷತ್ರ ಕೊಡುವುದು ಇದಕ್ಕೆ. ಮನೆಗೆ ತಂದುಕೊಡುವ ಆ್ಯಪ್ ಒಂದರಲ್ಲಿ ತರಿಸಿದಾಗ ಕಾರ್ನ್ ಫ್ಲೋರ್ ಮುಗಿದಿದೆಯೆಂದು ಬಣ್ಣ, ವೆನಿಲ್ಲಾ ಪರಿಮಳ ಬೆರೆತ ಕಸ್ಟರ್ಡ್ ಪುಡಿ ಕಳಿಸಿದ್ದರು. ಇನ್ನೊಮ್ಮೆ ಹಳದಿ ಮೆಕ್ಕೆಜೋಳದ ಹಿಟ್ಟು ಬಂತು. ಹಣ ವಾಪಸ್ ಬಂದಿತು, ನಿಜ. ಆದರೆ ರಾತ್ರಿ ಎರಡು ಗಂಟೆಗೆ ಮಗುವಿಗೆ ಕುಡಿಸಬೇಕಾದಾಗ ಹಣದಿಂದ ಏನು ಮಾಡಲಿ? ಇಲ್ಲಿ ಹಾಗಾಗುವುದಿಲ್ಲ. ಅವರು ಬದಲಿ ವಸ್ತು ಕೊಡುವುದೇ ಇಲ್ಲ. ನಮ್ಮ ಮಗುವಿಗೆ ಒಗ್ಗಿದ ಅದೇ ಕಂಪನಿಯ ಪೊಟ್ಟಣಗಳನ್ನು ಒಳಗಿನ ಕಪಾಟಿನಲ್ಲಿ ಬೇರೆಯಾಗಿ ಎತ್ತಿಡುತ್ತಾರೆ. “ಅಮ್ಮ, ಹಳೆಯ ತಾರೀಖಿನದು ಎರಡು ಉಳಿದಿದೆ, ಅದು ಬೇಡ, ನಾಳೆ ಹೊಸದು ಬರುತ್ತದೆ, ಮನೆಯಲ್ಲಿ ನಾಳೆಯವರೆಗೆ ಇದೆಯೇ?” ಎಂದು ಕೇಳಿ ವಿಚಾರಿಸಿಕೊಂಡು ಕಳಿಸಿದ್ದಾರೆ. ತೆರೆದ ಮೂಟೆಯಿಂದ ತೂಗಿ ಕೊಡುವ ಸಗಟು ಹಿಟ್ಟು ಅಗ್ಗವಾದರೂ ಅದನ್ನು ನನಗೆ ತೋರಿಸುವುದೇ ಇಲ್ಲ, ಅದರಲ್ಲಿ ಏನು ಬೆರೆತಿರುತ್ತದೆಂದು ಹೇಳಲಾಗದು ಎನ್ನುತ್ತಾರೆ. ಬೆಲೆ ಪೊಟ್ಟಣದ ಮೇಲೆ ಅಚ್ಚಾಗಿರುವುದೇ.

ಮಗಳು ಜೊತೆಗೆ ಹೋದಾಗ ಅವಳ ಕೈಗೆ ಚಾಕಲೇಟ್ ಕೊಡುವುದಿಲ್ಲ. ಸಕ್ಕರೆ, ಹಣ್ಣಿನ ಸಿಹಿ, ಹಾಲು ಅವಳಿಗೆ ಮಿತಿಯಲ್ಲಿರಬೇಕೆಂದು ಒಮ್ಮೆ ಹೇಳಿದ್ದು ಸಾಕಾಯಿತು. ಬದಲಿಗೆ ಒಂದು ಬಣ್ಣದ ಪೆನ್ಸಿಲ್ ಕೊಡುತ್ತಾರೆ. ಆ ಪೆನ್ಸಿಲ್‌ಗಳ ಡಬ್ಬಿ ಈಗ ತುಂಬಿದೆ.

ಕೊರತೆಯೂ ಇದೆ. ಬಾಗಿಲ ಬಳಿ ನಿಲ್ಲಲು ಜಾಗವಿಲ್ಲ, ವಾಹನ ದೂರ ನಿಲ್ಲಿಸಿ ನಡೆದುಬರಬೇಕು. ಮಧ್ಯಾಹ್ನ ಊಟದ ಹೊತ್ತಿಗೆ ಅಂಗಡಿ ಮುಚ್ಚುತ್ತದೆ, ಹಬ್ಬದ ಹಿಂದಿನ ದಿನಗಳಲ್ಲಿ ಜನಸಂದಣಿ ವಿಪರೀತ. ತೂಕದ ತಕ್ಕಡಿ ಅಲ್ಲಿ ಸಿಗುವುದಿಲ್ಲ. ಗ್ರಾಂ ಲೆಕ್ಕದ ಅಳತೆಗೆ ಡಿಜಿಟಲ್ ತಕ್ಕಡಿ ಬೇರೆಡೆ ಕೊಳ್ಳಬೇಕು, ಚಮಚದ ಅಳತೆ ನಂಬಬೇಡಿ. ಪ್ರಮಾಣವನ್ನು ಮಗುವಿನ ತೂಕ ನೋಡಿ ವೈದ್ಯರೇ ಹೇಳಬೇಕು. ನಿಮ್ಮ ಮನೆಯಲ್ಲಿಯೂ ಇಂಥ ಮಗುವಿದ್ದರೆ ಅಂಗಡಿಗೆ ಹೋಗಿ ನೇರವಾಗಿ ಹೇಳಿ, ನಿಮ್ಮ ಹೆಸರಿನಲ್ಲೂ ಪೊಟ್ಟಣ ಎತ್ತಿಡುತ್ತಾರೆ.