ಹತ್ತು ಡಬ್ಬಿ ಪುನರ್ನವ ಮತ್ತು ನನ್ನ ಅಳತೆ ಟೇಪು: ಕಾಲಿನ ಊತಕ್ಕೆ ಗಿಡಮೂಲಿಕೆ ಮಾತ್ರೆ ತಿಂದ ಅನುಭವ

ಬಳಸಿದ್ದು: ಪುನರ್ನವ ಸಾರದ ಕ್ಯಾಪ್ಸೂಲ್, 500 ಮಿಲಿಗ್ರಾಂ, ದಿನಕ್ಕೆ ಎರಡು. ಎಷ್ಟು ದಿನ: 2024ರ ಫೆಬ್ರವರಿಯಿಂದ ಡಿಸೆಂಬರ್ ಕೊನೆಯವರೆಗೆ. ಖರ್ಚು: ಡಬ್ಬಿಗೆ 420 ರೂಪಾಯಿಯಂತೆ ಹತ್ತು ಡಬ್ಬಿಗೆ 4,200. ನನ್ನ ಅಂಕ: ಐದಕ್ಕೆ ಎರಡು.

ನನಗೀಗ 54 ವರ್ಷ. ತುಮಕೂರಿನಲ್ಲಿ ಬ್ಲೌಸ್ ಹೊಲಿಯುವ ಸಣ್ಣ ಅಂಗಡಿ ಇದೆ. ಬೆಳಿಗ್ಗೆ ಹತ್ತಕ್ಕೆ ಮಿಷನ್ ಮುಂದೆ ಕೂತರೆ ರಾತ್ರಿ ಎಂಟರವರೆಗೆ ಕಾಲು ಇಳಿಬಿಟ್ಟೇ ಇರುತ್ತದೆ. 2024ರ ಜನವರಿಯಲ್ಲಿ ಸಂಜೆ ಹೊತ್ತಿಗೆ ಕಾಲುಂಗುರ ಬಿಗಿಯಾಗಲು ಶುರುವಾಯಿತು. ಚಪ್ಪಲಿಯ ಪಟ್ಟಿ ಪಾದದ ಮೇಲೆ ಗೀರು ಬಿಡುತ್ತಿತ್ತು. ಒಂದು ರಾತ್ರಿ ಕಾಲಿಗೆ ಎಣ್ಣೆ ಹಚ್ಚುವಾಗ ಹೆಬ್ಬೆರಳಿಂದ ಒತ್ತಿದೆ. ಗುಳಿ ಬಿತ್ತು. ಸುಮಾರು ಹೊತ್ತು ಹಾಗೇ ಇತ್ತು. ಆಗ ಹೆದರಿಕೆಯಾಯಿತು.

ತಂಗಿಗೆ ಫೋನ್ ಮಾಡಿದೆ. "ಅಕ್ಕ, ಅದು ಮೈಯಲ್ಲಿ ನೀರು ನಿಲ್ಲೋದು. ಪುನರ್ನವ ತಗೋ, ನಮ್ಮ ಓರಗಿತ್ತಿಗೆ ಒಂದೇ ತಿಂಗಳಲ್ಲಿ ಇಳೀತು" ಅಂದಳು. ಅವಳೇ ಆನ್‌ಲೈನ್‌ನಲ್ಲಿ ತರಿಸಿಕೊಟ್ಟಳು. ಪುನರ್ನವ ಅಂದರೆ ನಮ್ಮ ಕೊಮ್ಮೆ ಗಿಡ ಅಂತ ಡಬ್ಬಿ ಮೇಲಿನ ಚಿತ್ರ ನೋಡಿ ಗೊತ್ತಾಯಿತು. ಚಿಕ್ಕವಳಿದ್ದಾಗ ಹೊಲದ ಬದುವಿನಲ್ಲಿ ಕಿತ್ತು ತಂದು ಬೆರಕೆ ಸೊಪ್ಪಿನ ಜೊತೆ ಮಸ್ಸೊಪ್ಪಿಗೆ ಹಾಕುತ್ತಿದ್ದೆವು. ಬೇಸಿಗೆಯಲ್ಲಿ ಒಣಗಿ, ಮಳೆ ಬಿದ್ದ ಕೂಡಲೇ ಬೇರಿನಿಂದ ಮತ್ತೆ ಚಿಗುರುತ್ತದೆ. ಮತ್ತೆ ಹೊಸದಾಗುವುದು ಅನ್ನುವ ಅರ್ಥದ ಹೆಸರು ಅದಕ್ಕೇ ಬಂದಿದೆ. ಗೊತ್ತಿರುವ ಸೊಪ್ಪು ಅಲ್ವಾ, ಇದರಿಂದ ಏನು ತೊಂದರೆ ಅಂತ ನಂಬಿದೆ.

ನಾನು ಮಾಡಿದ ಒಂದು ಒಳ್ಳೆಯ ಕೆಲಸ ಅಂದರೆ ಅಳತೆ ಬರೆದಿಟ್ಟದ್ದು. ಕೈಯಲ್ಲಿ ಯಾವಾಗಲೂ ಟೇಪು ಇರುತ್ತದೆ. ಎಡಗಾಲಿನ ಗಂಟಿನ ಮೇಲೆ ಒಂದು ಮಚ್ಚೆ ಇದೆ. ಅದೇ ಜಾಗದಲ್ಲಿ ಬೆಳಿಗ್ಗೆ ಎದ್ದಾಗ ಒಮ್ಮೆ, ಅಂಗಡಿ ಮುಚ್ಚುವಾಗ ಒಮ್ಮೆ ಅಳೆದೆ. ಗಿರಾಕಿಗಳ ಅಳತೆ ಪುಸ್ತಕದ ಕೊನೆಯ ಹಾಳೆಗಳಲ್ಲಿ ಬರೆದೆ. ಮಾತ್ರೆ ಶುರು ಮಾಡುವ ಮುಂಚೆ ಬೆಳಿಗ್ಗೆ 23 ಸೆಂಟಿಮೀಟರ್, ಸಂಜೆ 26. ಬರೆದಿಡದೇ ಇದ್ದಿದ್ದರೆ ನಾನೂ "ಚೆನ್ನಾಗಿ ಕೆಲಸ ಮಾಡುತ್ತೆ, ತಗೊಳ್ಳಿ" ಅಂತಲೇ ಬರೆಯುತ್ತಿದ್ದೆ. ಯಾಕೆಂದರೆ ಮೊದಲ ವಾರ ನಿಜಕ್ಕೂ ಚೆನ್ನಾಗಿತ್ತು.

ಎರಡನೇ ದಿನದಿಂದಲೇ ಮೂತ್ರಕ್ಕೆ ಹೋಗುವುದು ಜಾಸ್ತಿಯಾಯಿತು. ನಾಲ್ಕು ದಿನದಲ್ಲಿ ತೂಕ 800 ಗ್ರಾಂ ಕಡಿಮೆ ತೋರಿಸಿತು. ಸಂಜೆಯ ಅಳತೆ 25.2ಕ್ಕೆ ಬಂತು. ತಂಗಿಗೆ ಖುಷಿಯಿಂದ ಹೇಳಿದೆ. ಮೂರನೇ ವಾರಕ್ಕೆ ತೂಕ ಮೊದಲಿನಷ್ಟೇ ಆಯಿತು, ಅಳತೆ ಮತ್ತೆ 26. ಏಪ್ರಿಲ್‌ನ ಸೆಕೆಯಲ್ಲಿ 26.5 ದಾಟಿತು. ಬಿಸಿಲಿಗೆ ರಕ್ತನಾಳ ಹಿಗ್ಗಿ ಊತ ಹೆಚ್ಚಾಗುತ್ತದೆ ಅಂತ ಆಮೇಲೆ ತಿಳಿಯಿತು. ಆಗ ಮಾತ್ರ "ಬೇಸಿಗೆ ಕಳೆಯಲಿ, ಸರಿಹೋಗುತ್ತದೆ" ಅಂದುಕೊಂಡು ಇನ್ನೊಂದು ಡಬ್ಬಿ ತರಿಸಿದೆ. ನಿಧಾನಕ್ಕೆ ಕೆಲಸ ಮಾಡುತ್ತದೆ, ತಾಳ್ಮೆ ಬೇಕು ಅಂತ ಎಲ್ಲರೂ ಹೇಳುತ್ತಿದ್ದರು. ಈ ಮಾತೇ ನನ್ನ ಹತ್ತು ತಿಂಗಳು ತಿಂದದ್ದು.

ಗೌರಿ ಹಬ್ಬದ ಹೊತ್ತಿಗೆ ಅಂಗಡಿ ತುಂಬ ಬ್ಲೌಸ್. ಡಬ್ಬಿ ಖಾಲಿಯಾದದ್ದೂ ಗಮನಕ್ಕೆ ಬರಲಿಲ್ಲ. 18 ದಿನ ಮಾತ್ರೆ ಇಲ್ಲ. ಹಬ್ಬ ಮುಗಿದ ಮೇಲೆ ಪುಸ್ತಕ ತೆರೆದು ನೋಡಿದೆ. ಮಾತ್ರೆ ತಿಂದ ಹಿಂದಿನ 18 ದಿನಕ್ಕೂ ಮಾತ್ರೆ ಇಲ್ಲದ ಈ 18 ದಿನಕ್ಕೂ ಸಂಜೆಯ ಅಳತೆಯಲ್ಲಿ ವ್ಯತ್ಯಾಸವೇ ಇಲ್ಲ. ಎರಡೂ 26ರ ಆಸುಪಾಸು. ಆ ಪುಟ ನೋಡಿ ತುಂಬಾ ಬೇಜಾರಾಯಿತು.

ಆಮೇಲೆ ಉಪ್ಪಿನ ಲೆಕ್ಕ ಹಾಕಿದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅನ್ನುತ್ತದೆ. ಅಂದರೆ ಸುಮಾರು ಒಂದು ಟೀ ಚಮಚ. ಆದರೆ ಅಡುಗೆ ಮಾಡುವಾಗ ಯಾರು ಚಮಚದಲ್ಲಿ ಅಳೆಯುತ್ತಾರೆ? ಅದಕ್ಕೆ ಪ್ಯಾಕೆಟ್ಟಿನ ಲೆಕ್ಕ ಹಿಡಿದೆ. ನಾವು ನಾಲ್ಕು ಜನ. ತಲೆಗೆ 5 ಗ್ರಾಂ ಅಂದರೆ ಒಂದು ಕೆಜಿ ಪ್ಯಾಕೆಟ್ 50 ದಿನ ಬರಬೇಕು. ನಮ್ಮಲ್ಲಿ 28ನೇ ದಿನಕ್ಕೆ ಮುಗಿಯಿತು. ತಲೆಗೆ ಹತ್ತಿರ ಹತ್ತಿರ 9 ಗ್ರಾಂ. ಉಪ್ಪಿನಕಾಯಿ, ಹಪ್ಪಳ, ಸಂಜೆಯ ಖಾರಾ ಬನ್, ಮಿಕ್ಸ್ಚರ್ ಇದರಲ್ಲಿ ಸೇರಿಲ್ಲ. ನೀವೂ ಒಮ್ಮೆ ಪ್ಯಾಕೆಟ್ ಒಡೆದ ತಾರೀಖನ್ನು ಅದರ ಮೇಲೇ ಬರೆದಿಟ್ಟು ನೋಡಿ.

ಉಪ್ಪಿಗೂ ನೀರಿಗೂ ಇರುವ ನಂಟು ಹೀಗೆ: ಆಸ್ಪತ್ರೆಯಲ್ಲಿ ಹಾಕುವ ಒಂದು ಲೀಟರ್ ಸಲೈನ್ ಬಾಟಲಿಯಲ್ಲಿ 9 ಗ್ರಾಂ ಉಪ್ಪಿರುತ್ತದೆ. ನಮ್ಮ ರಕ್ತದ ಉಪ್ಪಿನಂಶವೂ ಹೆಚ್ಚೂಕಡಿಮೆ ಅಷ್ಟೇ. ಮೂತ್ರಪಿಂಡ ಹೊರಹಾಕಲಾಗದೆ ಒಳಗೆ ಉಳಿದ ಉಪ್ಪು ತನ್ನ ಪಾಲಿನ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ನೀರು ಕುಡಿಯುವುದನ್ನು ಬಿಟ್ಟರೆ ಊತ ಇಳಿಯುವುದಿಲ್ಲ, ಉಪ್ಪು ಇಳಿಸಬೇಕು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರಿಗೆ ಡಾಕ್ಟರೇ ನೀರಿನ ಅಳತೆ ಹೇಳಿದ್ದರೆ ಮಾತು ಬೇರೆ.

ಅಕ್ಟೋಬರ್‌ನಲ್ಲಿ ಉಪ್ಪಿನಕಾಯಿ ಬಿಟ್ಟೆ. ಸಾರಿಗೆ ಉಪ್ಪು ಕಡಿಮೆ ಮಾಡಿ ಹುಣಸೆ, ನಿಂಬೆಹುಳಿ ಸ್ವಲ್ಪ ಹೆಚ್ಚಿಸಿದೆ. ಮನೆಯವರು ಎರಡು ವಾರ ಗೊಣಗಿದರು, ಆಮೇಲೆ ನಾಲಿಗೆ ಒಗ್ಗಿತು. ಸಂಜೆಯ ಅಳತೆ 25ಕ್ಕೆ ಇಳಿಯಿತು. ಮಾತ್ರೆ ಹತ್ತು ತಿಂಗಳಲ್ಲಿ ಮಾಡದ್ದನ್ನು ಉಪ್ಪು ಒಂದೇ ತಿಂಗಳಲ್ಲಿ ಮಾಡಿತು. ನವೆಂಬರ್‌ನಲ್ಲಿ ಪಕ್ಕದಲ್ಲಿ ಒಂದು ಮಣೆ ಇಟ್ಟುಕೊಂಡು ಕಾಜ, ಹುಕ್ಕು ಹಾಕುವ ಕೈಕೆಲಸವನ್ನೆಲ್ಲ ಕಾಲು ಮೇಲಿಟ್ಟೇ ಮಾಡಿದೆ. ಬಿಗಿ ಕಾಲುಚೀಲವನ್ನೂ ಹಾಕಿ ನೋಡಿದೆ. ಅದನ್ನು ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮುಂಚೆಯೇ ಹಾಕಬೇಕು, ಊತ ಬಂದ ಮೇಲೆ ಹಾಕಿದರೆ ಪ್ರಯೋಜನ ಕಡಿಮೆ. ಆದರೆ ನಮ್ಮ ಸೆಕೆಗೆ ಕಷ್ಟ. ಇವೆಲ್ಲ ಸೇರಿ 24.8. ಬೆಳಿಗ್ಗೆಯ 23ಕ್ಕೂ ಅದಕ್ಕೂ ಇನ್ನೂ ಅಂತರವಿತ್ತು. ಗುಳಿ ಇನ್ನೂ ಬೀಳುತ್ತಿತ್ತು.

ಡಿಸೆಂಬರ್ ಕೊನೆಯಲ್ಲಿ ಜ್ವರ ಬಂದು ಬೇರೆ ಡಾಕ್ಟರ್ ಹತ್ತಿರ ಹೋದೆ. ಅವರು ಕಾಲು ನೋಡಿದ ಕೂಡಲೇ ಕೇಳಿದ್ದು ಒಂದೇ ಪ್ರಶ್ನೆ: "ಬಿಪಿಗೆ ಯಾವ ಮಾತ್ರೆ ತಗೋತಿದ್ದೀರಮ್ಮ?"

ಆಮ್ಲೋಡಿಪಿನ್. 2023ರ ಆಗಸ್ಟ್‌ನಲ್ಲಿ 5 ಮಿಲಿಗ್ರಾಂ ಶುರುವಾಗಿತ್ತು. ಡಿಸೆಂಬರ್‌ನಲ್ಲಿ 10ಕ್ಕೆ ಏರಿಸಿದ್ದರು. ಕಾಲುಂಗುರ ಬಿಗಿಯಾದದ್ದು ಅದಾದ ಮುಂದಿನ ತಿಂಗಳು. ಎರಡೂ ತಾರೀಖು ನನ್ನ ಕಣ್ಣ ಮುಂದೆಯೇ ಇದ್ದವು. ಆದರೆ ಬಿಪಿ ಮಾತ್ರೆಯಿಂದ ಕಾಲು ಊದುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಬರೆದುಕೊಟ್ಟವರೂ ಹೇಳಲಿಲ್ಲ, ಅಂಗಡಿಯಲ್ಲಿ ಕೊಟ್ಟವರೂ ಹೇಳಲಿಲ್ಲ. ಇದು ಮಾತ್ರ ನನಗೆ ಇವತ್ತಿಗೂ ನೋವು. ಎಷ್ಟೊಂದು ಜನ ಇದೇ ಮಾತ್ರೆ ನುಂಗುತ್ತಾರೆ ನಮ್ಮಲ್ಲಿ.

ಡಾಕ್ಟರ್ ಒಂದು ಚೀಟಿಯ ಹಿಂದೆ ಚಿತ್ರ ಬರೆದು ವಿವರಿಸಿದರು. ಈ ಮಾತ್ರೆ ರಕ್ತ ತರುವ ಸಣ್ಣ ನಾಳಗಳನ್ನು ಹಿಗ್ಗಿಸುತ್ತದೆ. ರಕ್ತ ವಾಪಸ್ ಒಯ್ಯುವ ನಾಳಗಳನ್ನು ಅಷ್ಟು ಹಿಗ್ಗಿಸುವುದಿಲ್ಲ. ಬರುವ ದಾರಿ ಅಗಲ, ಹೋಗುವ ದಾರಿ ಇಕ್ಕಟ್ಟು. ನಡುವಿನ ಕೂದಲೆಳೆಯಂಥ ನಾಳಗಳಲ್ಲಿ ಒತ್ತಡ ಹೆಚ್ಚಿ ನೀರು ಹೊರಗೆ ಜಿನುಗುತ್ತದೆ, ಕಾಲಿನ ಹತ್ತಿರ ನಿಲ್ಲುತ್ತದೆ. ಡೋಸ್ ಹೆಚ್ಚಾದಷ್ಟೂ ಊತ ಹೆಚ್ಚು, ಹೆಂಗಸರಲ್ಲಿ ಇನ್ನೂ ಜಾಸ್ತಿ. ಇದು ಮೈಯಲ್ಲಿ ನೀರು ಹೆಚ್ಚಾಗಿ ಬಂದ ಊತವಲ್ಲ. ಹಾಗಾಗಿ ಮೂತ್ರ ಹೆಚ್ಚಿಸುವ ಔಷಧಿ, ಅದು ಇಂಗ್ಲಿಷ್ ಮಾತ್ರೆ ಆಗಲಿ, ಕೊಮ್ಮೆ ಬೇರಾಗಲಿ, ಇದಕ್ಕೆ ಹೆಚ್ಚು ಕೆಲಸ ಮಾಡುವುದಿಲ್ಲ.

ಅವರು ಆಮ್ಲೋಡಿಪಿನ್ 5ಕ್ಕೆ ಇಳಿಸಿ ಜೊತೆಗೆ ಟೆಲ್ಮಿಸಾರ್ಟನ್ ಅನ್ನುವ ಇನ್ನೊಂದು ಬಿಪಿ ಮಾತ್ರೆ ಸೇರಿಸಿದರು. ಅದು ವಾಪಸ್ ಹೋಗುವ ದಾರಿಯನ್ನೂ ಸಡಿಲ ಮಾಡುತ್ತದಂತೆ. ರಕ್ತ, ಮೂತ್ರ, ಥೈರಾಯ್ಡ್ ಪರೀಕ್ಷೆ, ಇಸಿಜಿ ಎಲ್ಲ ಮಾಡಿಸಿದರು. ದೇವರ ದಯೆ, ಬೇರೇನೂ ಇರಲಿಲ್ಲ. ಆಗಲೇ ನಾನು ಪುನರ್ನವದ ಡಬ್ಬಿ ತೋರಿಸಿದೆ. ಅವರು ಬೈಯಲಿಲ್ಲ. "ಇದನ್ನು ಇವತ್ತಿಂದಲೇ ನಿಲ್ಲಿಸಿ" ಅಂದರು. ಪುನರ್ನವದಲ್ಲಿ ಪೊಟ್ಯಾಸಿಯಂ ಲವಣ ಸಾಕಷ್ಟು ಇದೆ. ಟೆಲ್ಮಿಸಾರ್ಟನ್ ಕೂಡ ರಕ್ತದಲ್ಲಿ ಪೊಟ್ಯಾಸಿಯಂ ಏರಿಸಬಲ್ಲದು. ಎರಡೂ ಸೇರಿ ತುಂಬಾ ಏರಿದರೆ ಹೃದಯದ ಬಡಿತಕ್ಕೇ ತೊಂದರೆ. ಸೊಪ್ಪು ಅಂದುಕೊಂಡು ನಾನು ಯಾರಿಗೂ ಹೇಳದೆ ನುಂಗುತ್ತಿದ್ದದ್ದು ಇದನ್ನೇ. ಮೂರು ವಾರದಲ್ಲಿ ಸಂಜೆಯ ಅಳತೆ 23.6ಕ್ಕೆ ಬಂತು. ಹೆಬ್ಬೆರಳು ಒತ್ತಿದರೆ ಗುಳಿ ಇಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಇದನ್ನು ಓದಿ ಯಾರೂ ಬಿಪಿ ಮಾತ್ರೆಯನ್ನು ತಾವೇ ನಿಲ್ಲಿಸಬೇಡಿ. ಬಿಪಿ ಸದ್ದಿಲ್ಲದೆ ಏರಿ ಪಾರ್ಶ್ವವಾಯು ತರಬಹುದು. ಬರೆದುಕೊಟ್ಟವರ ಹತ್ತಿರ ಹೋಗಿ ಕಾಲು ತೋರಿಸಿ, ಬದಲಾಯಿಸಿಕೊಳ್ಳಿ. ಸೊಂಟನೋವು, ಮಂಡಿನೋವಿಗೆ ದಿನವೂ ತಿನ್ನುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೂಡ ಮೈಯಲ್ಲಿ ಉಪ್ಪು, ನೀರು ನಿಲ್ಲಿಸುತ್ತವೆ. ಸ್ಟಿರಾಯ್ಡ್ ಕೂಡ ಹಾಗೇ. ಡಾಕ್ಟರ್ ಹತ್ತಿರ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆ, ಕಷಾಯದ ಪುಡಿ, ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.

ಹಾಗಾದರೆ ಪುನರ್ನವ ಸುಳ್ಳಾ? ನಾನು ಹಾಗೆ ಹೇಳುವುದಿಲ್ಲ. ಆಯುರ್ವೇದದಲ್ಲಿ ಶೋಥಕ್ಕೆ, ಅಂದರೆ ಊತಕ್ಕೆ, ಬಹಳ ಹಿಂದಿನಿಂದ ಬಳಸುತ್ತಿದ್ದಾರೆ. ಮೂತ್ರ ಹೆಚ್ಚಾದದ್ದನ್ನು ನಾನೇ ಕಂಡೆ. ಆದರೆ ಆಯುರ್ವೇದ ವೈದ್ಯರು ನಾಡಿ ನೋಡಿ, ಕಾರಣ ಹುಡುಕಿ ಕೊಡುತ್ತಾರೆ. ನಾನು ಕಾರಣ ಕೇಳದೆ ಡಬ್ಬಿ ತರಿಸಿದೆ. ಮನುಷ್ಯರ ಮೇಲೆ ದೊಡ್ಡದಾಗಿ, ಸರಿಯಾಗಿ ನಡೆದ ಪ್ರಯೋಗಗಳೂ ಇದಕ್ಕಿಲ್ಲ. ವಿದೇಶದಲ್ಲಿ ಇದೇ ಕೆಲಸಕ್ಕೆ ಮಾರುವ ಡ್ಯಾಂಡೆಲಿಯನ್ ಎಲೆಯ ಮೇಲೆ 2009ರಲ್ಲಿ ಒಂದು ಅಧ್ಯಯನ ಬಂತು. ಅದರಲ್ಲಿದ್ದದ್ದು 17 ಜನ, ಸಾರ ಕುಡಿದದ್ದು ಒಂದೇ ದಿನ. ಮೂತ್ರಕ್ಕೆ ಹೋಗುವುದು ಹೆಚ್ಚಾಯಿತು ಅಂತ ಗೊತ್ತಾಯಿತು. ತಿಂಗಳುಗಟ್ಟಲೆ ಊತ ಇಳಿಯುತ್ತದಾ ಅನ್ನುವುದಕ್ಕೆ ಅದು ಉತ್ತರವಲ್ಲ. ನನ್ನ ಮೊದಲ ವಾರವೂ ಹಾಗೇ ಇತ್ತಲ್ವಾ?

ಕೊಳ್ಳುವವರು ಡಬ್ಬಿಯ ಹಿಂಭಾಗ ಓದಿ. ನನ್ನದರ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ (FSSAI) 14 ಅಂಕಿಯ ಲೈಸೆನ್ಸ್ ಸಂಖ್ಯೆ ಇತ್ತು, ಕೆಳಗೆ ಸಣ್ಣ ಅಕ್ಷರದಲ್ಲಿ "ಔಷಧವಾಗಿ ಬಳಸಲು ಅಲ್ಲ" ಅಂತ ಇಂಗ್ಲಿಷ್‌ನಲ್ಲಿ ಇತ್ತು. ನಾನದನ್ನು ಓದಿದ್ದು ಎಂಟನೇ ಡಬ್ಬಿಯಲ್ಲಿ. ಮೈಗೆ ನೀರು ತುಂಬುವ ರೋಗವನ್ನು ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ತಡೆದಿದೆ. ಅಂಥ ಜಾಹೀರಾತು ಕಂಡರೆ ದೂರ ಇರಿ. ಪುನರ್ನವಾಸವ ಅಂತ ಸಿಗುವುದು ಸಕ್ಕರೆ, ಜೇನುತುಪ್ಪ ಹಾಕಿ ಹುಳಿ ಬರಿಸಿದ್ದು, ಸಕ್ಕರೆ ಕಾಯಿಲೆ ಇರುವವರು ಕೇಳದೆ ಕುಡಿಯಬಾರದು.

ಕೆಲವು ಊತಕ್ಕೆ ಒಂದು ದಿನವೂ ಕಾಯಬೇಡಿ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಮಲಗಿದರೆ ಉಸಿರು ಕಟ್ಟುತ್ತಿದ್ದರೆ ಹೃದಯ ನೋಡಿಸಬೇಕು. ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊದಿ, ಮೂತ್ರದಲ್ಲಿ ನೊರೆ ಬರುತ್ತಿದ್ದರೆ ಮೂತ್ರಪಿಂಡ. ಕಳೆದ ತಿಂಗಳು ಬ್ಲೌಸ್ ಹೊಲಿಸಲು ಬಂದ ಏಳು ತಿಂಗಳ ಬಸುರಿ ಹುಡುಗಿಯೊಬ್ಬಳು ನನ್ನ ಕಪಾಟಿನಲ್ಲಿದ್ದ ಡಬ್ಬಿ ನೋಡಿ, "ಆಂಟಿ, ನನಗೂ ಕೈ ಕಾಲು ಊದ್ತಿದೆ, ನಾಲ್ಕು ಕೊಡಿ" ಅಂದಳು. ತಲೆನೋವು ಇದೆಯಾ ಅಂತ ಕೇಳಿದೆ. ಎರಡು ದಿನದಿಂದ ಇದೆ ಅಂದಳು. ಅಳತೆ ತೆಗೆದುಕೊಳ್ಳುವುದನ್ನು ಬಿಟ್ಟು ಅವಳ ಅತ್ತೆಗೆ ಫೋನ್ ಮಾಡಿಸಿ, ಆಗಲೇ ಆಟೋ ಹತ್ತಿಸಿದೆ. ಬಿಪಿ ಏರಿತ್ತು, ದಾಖಲು ಮಾಡಿಕೊಂಡರು. ತಾಯಿ ಮಗು ಇಬ್ಬರೂ ಈಗ ಚೆನ್ನಾಗಿದ್ದಾರೆ.

ಅವತ್ತೇ ಡಬ್ಬಿಯಲ್ಲಿ ಉಳಿದಿದ್ದ ಮಾತ್ರೆಗಳನ್ನು ಎಸೆದೆ. ಅಳತೆ ಬರೆಯುವುದನ್ನು ಮಾತ್ರ ಬಿಟ್ಟಿಲ್ಲ. ನಿನ್ನೆ ಸಂಜೆ 23.8. ಮುಂದಿನ ತಿಂಗಳು ಮತ್ತೆ ಪೊಟ್ಯಾಸಿಯಂ ಪರೀಕ್ಷೆ ಇದೆ.