ಮೂರು ಮಳೆಗಾಲ, ಒಂದು ಒಳ್ಳೆಮೆಣಸಿನ ಬಂದೂಕು

ನಮ್ಮ ಕಾಸರಗೋಡು ಕಡೆ ‘ಆಟ’ ಅಂದರೆ ಯಕ್ಷಗಾನ. ರಾತ್ರಿ ಊಟ ಮುಗಿಸಿ “ಸ್ವಲ್ಪ ಹೊತ್ತು ಆಟ ಉಂಟು” ಅಂದರೆ ಅಮ್ಮ “ಯಾವ ಮೇಳದ್ದು?” ಎಂದು ಕೇಳುತ್ತಾರೆ. ಹಾಗಾಗಿ ಇಲ್ಲಿ ಗೇಮ್ ಅಂತಲೇ ಬರೆಯುತ್ತೇನೆ. ಹೆಸರು ‘ಆಲಿಸ್: ಮ್ಯಾಡ್‌ನೆಸ್ ರಿಟರ್ನ್ಸ್’. 2011ರದ್ದು, ಹಳೆಯದು, ಗೊತ್ತು. ಸೇಲ್ ಇದ್ದಾಗ ಅರ್ಧ ಕಿಲೋ ಒಳ್ಳೆಮೆಣಸಿನ (ಕಾಳುಮೆಣಸಿನ) ದುಡ್ಡಿಗೆ ತಗೊಂಡೆ. ಮೂರು ಮಳೆಗಾಲ ಕಳೆಯಿತು. ಮೊದಲ ಸುತ್ತು ಮುಗಿದದ್ದು ಈ ವರ್ಷ.

ಒಳ್ಳೆಮೆಣಸಿನ ಲೆಕ್ಕ ಸುಮ್ನೆ ಹೇಳಿದ್ದಲ್ಲ. ಮೊಲದ ಬಿಲಕ್ಕೆ ಬೀಳುವ ಹುಡುಗಿ ಆಲಿಸ್‌ಳ ಕತೆ, ‘ಆಲಿಸ್ ಇನ್ ವಂಡರ್‌ಲ್ಯಾಂಡ್’, ಎಲ್ಲರಿಗೂ ಗೊತ್ತಲ್ವಾ? 1865ರಲ್ಲಿ ಬಂದ ಆ ಪುಸ್ತಕದಲ್ಲಿ ಒಬ್ಬಳು ಡಚೆಸ್ ಇದ್ದಾಳೆ. ಅವಳ ಅಡುಗೆಮನೆ ತುಂಬ ಮೆಣಸಿನ ಘಾಟು, ಅಡುಗೆಯವಳು ಮತ್ತು ಬೆಕ್ಕು ಬಿಟ್ಟು ಉಳಿದವರಿಗೆಲ್ಲ ಸೀನು, ಕೊನೆಗೆ ತೊಡೆಯ ಮೇಲಿದ್ದ ಮಗು ಹಂದಿಯಾಗಿಬಿಡುತ್ತದೆ. ಗೇಮ್ ಮಾಡಿದವರು ಅದನ್ನೇ ಎತ್ತಿಕೊಂಡಿದ್ದಾರೆ. ಡಚೆಸ್ ಇಲ್ಲಿ ಆಲಿಸ್‌ಗೆ ಮೆಣಸು ಪುಡಿ ಮಾಡುವ ಗಿರಣಿ ಕೊಡುತ್ತಾಳೆ. ಅದೇ ಬಂದೂಕು. ಹಿಡಿ ತಿರುಗಿಸಿದರೆ ಮೆಣಸು ಹಾರುತ್ತದೆ, ಜಾಸ್ತಿ ತಿರುಗಿಸಿದರೆ ಬಿಸಿಯಾಗಿ ನಿಲ್ಲುತ್ತದೆ. ಇನ್ನು ಅಲ್ಲಲ್ಲಿ ಹಂದಿಯ ಮೂತಿಗಳು. ಹಂದಿ ಇಲ್ಲ, ಬರೀ ಮೂತಿ, ಗಾಳಿಯಲ್ಲಿ. ಮೊದಲು ಗುಟುರು ಕೇಳುತ್ತದೆ. ಹುಡುಕಿ, ಗುರಿಯಿಟ್ಟು ಮೆಣಸು ಹೊಡೆಯಬೇಕು. ಅದು ಜೋರಾಗಿ ಸೀನುತ್ತದೆ, ಎಲ್ಲೋ ಒಂದು ದಾರಿ ತೆರೆದುಕೊಳ್ಳುತ್ತದೆ.

ನನಗೆ ಇದು ಎಷ್ಟು ಹಿಡಿಸಿತು ಅಂದರೆ, ಹೇಳಿದರೆ ನಗಬಹುದು. ನಮ್ಮ ತೋಟದಲ್ಲಿ ಅಡಿಕೆ ಮರಕ್ಕೆಲ್ಲ ಮೆಣಸಿನ ಬಳ್ಳಿ. ಕೊಯ್ದು, ಕಾಲಿನಿಂದ ಮೆಟ್ಟಿ ಕಾಳು ಬಿಡಿಸಿ, ಅಂಗಳದಲ್ಲಿ ಒಣಗಿಸಿ, ಗೆರಸೆಯಲ್ಲಿ ಕೇರುವಾಗ ಮನೆಮಂದಿಯೆಲ್ಲ ಆ ಹಂದಿ ಮೂತಿಗಳ ಹಾಗೆಯೇ. ದೂರದ ಶಾಂಘೈಯಲ್ಲಿ ಕೂತ ಸ್ಪೈಸಿ ಹಾರ್ಸ್ ಸ್ಟುಡಿಯೋದವರು ಬದಿಯಡ್ಕದ ಹತ್ತಿರದ ಒಂದು ಅಂಗಳವನ್ನು ನೋಡಿ ಮಾಡಿದ ಹಾಗೆ ಅನಿಸಿತು.

ಗ್ರಾಫಿಕ್ಸ್, ಕಾರ್ಡು, ಮೆಮೊರಿ ಎಲ್ಲ ನೀವು ಬೇರೆ ಕಡೆ ಓದಿರುತ್ತೀರಿ. ಒಂದು ವಿಷಯ ಮಾತ್ರ. ಕಂಪ್ಯೂಟರಿನಲ್ಲಿ ಇದು ಸೆಕೆಂಡಿಗೆ ಸುಮಾರು 30 ಫ್ರೇಮಿಗೆ, ಅಂದರೆ 30 ಚಿತ್ರಕ್ಕೆ, ಕಟ್ಟಿಹಾಕಿಕೊಂಡು ಬರುತ್ತದೆ. ಸೆಟ್ಟಿಂಗ್ ಫೈಲ್ ತೆರೆದು 31 ಅಂತ ಇರುವಲ್ಲಿ 60 ಬರೆದರೆ ನಯವಾಗುತ್ತದೆ.

ಇನ್ನು ನನ್ನ ಸಿಟ್ಟಿಗೆ ಬರುತ್ತೇನೆ. ಈ ಗೇಮಿನಲ್ಲಿ ನಮಗೆ ಬೇಕಾದಲ್ಲಿ ಸೇವ್ ಮಾಡಲು ಆಗುವುದಿಲ್ಲ. ಚೆಕ್‌ಪಾಯಿಂಟ್ (ಗೇಮೇ ಗೊತ್ತುಮಾಡಿದ ಜಾಗ) ಬಂದಾಗ ಅದೇ ಮಾಡಿಕೊಳ್ಳುತ್ತದೆ. 2000ನೇ ಇಸವಿಯ ಮೊದಲ ಆಲಿಸ್ ಗೇಮಿನಲ್ಲಿ ಬೇಕೆಂದಲ್ಲಿ ಸೇವ್ ಆಗುತ್ತಿತ್ತು. ಹನ್ನೊಂದು ವರ್ಷ ಕಳೆದ ಮೇಲೆ ಇದ್ದದ್ದನ್ನೂ ತೆಗೆದರು! ಕರೆಂಟು ಹೋಗದ ಊರಿನವರಿಗೆ ಇದು ದೊಡ್ಡ ವಿಷಯ ಅಲ್ಲ. ನಮ್ಮಲ್ಲಿ ಜೂನ್ ತಿಂಗಳ ಗಾಳಿಗೆ ಒಂದು ಅಡಿಕೆ ಸೋಗೆ ಲೈನಿನ ಮೇಲೆ ಬಿದ್ದರೆ ಸಾಕು, ರಾತ್ರಿಯೆಲ್ಲ ಕತ್ತಲೆ. ನನ್ನದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ಬ್ಯಾಟರಿ ಯಾವತ್ತೋ ಸತ್ತದ್ದು. ಕರೆಂಟು ಹೋದ ಕ್ಷಣವೇ ಆಲಿಸ್ ಕೂಡ ಹೋಗುತ್ತಾಳೆ. ಮರುದಿನ ಅದೇ ದ್ವೀಪದಿಂದ ಇದೇ ದ್ವೀಪಕ್ಕೆ ಹಾರು, ಅದೇ ಸನ್ನೆಕೋಲು ಎಳೆ, ಅದೇ ರಾಕ್ಷಸರನ್ನು ಕಡಿ.

ಹಾಗಾಗಿ ನನ್ನದೊಂದು ಪದ್ಧತಿ ಶುರುವಾಯಿತು. ಊಟವಾದ ಮೇಲೆ ಒಮ್ಮೆ ಅಂಗಳಕ್ಕೆ ಇಳಿದು ಆಕಾಶ ನೋಡುವುದು. ಪಶ್ಚಿಮದಲ್ಲಿ ಮಿಂಚಿದರೆ ಗೇಮ್ ಇಲ್ಲ. ಗಾಳಿ ಇಲ್ಲದಿದ್ದರೆ ಚಾವಡಿಯ ಮೂಲೆಯಲ್ಲಿ ಕೂತು, ಪಕ್ಕದಲ್ಲಿ ಕಟ್ಟಂಚಾಯ (ಹಾಲಿಲ್ಲದ ಚಾ), ಕಿವಿಗೆ ಇಯರ್‌ಫೋನು. ಬಲ್ಬು ಒಮ್ಮೆ ಮಿಣುಕಿದರೆ ಎದೆ ಧಸಕ್. ಚೆಕ್‌ಪಾಯಿಂಟ್ ಸಿಕ್ಕಿತು ಅಂದರೆ ಒಂದು ಗುಟುಕು ಚಾ. ಈ ಲೆಕ್ಕದಲ್ಲಿ ಎಷ್ಟೋ ದಿನ ಚಾ ತಣ್ಣಗಾಗಿದೆ.

ಎರಡನೇ ಮಳೆಗಾಲಕ್ಕೆ ನನಗೆ ಸಾಕಾಯಿತು. ಸಮುದ್ರದಡಿಯ ಅಧ್ಯಾಯದಲ್ಲಿ ಮೂರು ಸಲ ಹೀಗೇ ಆಯಿತು. ಸುಮ್ನೆ ಬಿಟ್ಟುಬಿಟ್ಟೆ, ಸುಮಾರು ಒಂದು ವರ್ಷ. ಕರೆಂಟಿನ ದೋಷ ಬಿಟ್ಟರೂ ಅಧ್ಯಾಯಗಳು ಉದ್ದವೇ. ಹ್ಯಾಟರ್‌ನ ಯಂತ್ರದ ಊರು, ಸಮುದ್ರದಡಿ, ಕಾಗದದಂತೆ ಮಡಚಿದ ಚೀನಾ ಶೈಲಿಯ ಕಾಡು, ಇಸ್ಪೀಟಿನ ಕೋಟೆ. ಬಣ್ಣ ಬದಲಾಗುತ್ತದೆ, ಆಲಿಸ್‌ಳ ಉಡುಪೂ ಬದಲಾಗುತ್ತದೆ, ಮಾಡುವ ಕೆಲಸ ಮಾತ್ರ ಅದೇ. ಒಂದೇ ದಿನ ನಾಲ್ಕು ಗಂಟೆ ಕೂತರೆ ಖಂಡಿತ ಬೋರು.

ಕೊನೆಗೆ ಹೊಸ ಬ್ಯಾಟರಿ ಹಾಕಿಸಿದೆ. ಅದಕ್ಕಾದ ದುಡ್ಡಿನಲ್ಲಿ ಇಂಥ ಐದಾರು ಗೇಮ್ ಬರುತ್ತಿತ್ತು. ಮನೆಯಲ್ಲಿ “ಆನ್‌ಲೈನ್ ಮೀಟಿಂಗಿಗೆ ಬೇಕು” ಎಂದು ಹೇಳಿದ್ದೇನೆ.

ಕರೆಂಟಿನ ಭಯ ಹೋದ ಮೇಲೆ ನಾನು ಓಡುವುದನ್ನು ಬಿಟ್ಟೆ. ಆಗಲೇ ಈ ಗೇಮಿನ ಇನ್ನೊಂದು ರುಚಿ ಗೊತ್ತಾದದ್ದು. ಒಂದು ಗುಂಡಿ ಒತ್ತಿ ಹಿಡಿದರೆ ಆಲಿಸ್ ಗೇಣುದ್ದ ಆಗುತ್ತಾಳೆ. ಆಗ ಗೋಡೆಯ ಮೇಲೆ ಮಕ್ಕಳು ಗೀಚಿದಂಥ ನೇರಳೆ ಬಣ್ಣದ ಗುರುತುಗಳು ಕಾಣುತ್ತವೆ. ಏನೂ ಇಲ್ಲ ಅಂದುಕೊಂಡಲ್ಲಿ ಕಾಲಿಡುವ ಕಲ್ಲು ಕಾಣುತ್ತದೆ. ದೊಡ್ಡವಳಾದರೆ ಆ ಕಲ್ಲು ನಿಧಾನಕ್ಕೆ ಮಾಯವಾಗುತ್ತದೆ, ನೆನಪಿಟ್ಟುಕೊಂಡು ಹಾರಬೇಕು. ಮೊದಲು ಕಂಡಿದ್ದಕ್ಕಿಂತ ಎಷ್ಟೋ ಜಾಸ್ತಿ ಮೂಲೆಗಳಿವೆ ಇದರಲ್ಲಿ. ಹಾರುವಾಗ ಫ್ರಾಕು ಕೊಡೆಯ ಹಾಗೆ ಬಿಚ್ಚಿಕೊಂಡು ತೇಲುತ್ತಾಳೆ. ಪೆಟ್ಟು ತಪ್ಪಿಸುವಾಗ ನೀಲಿ ಚಿಟ್ಟೆಗಳಾಗಿ ಚದುರಿ ಆಚೆ ಸೇರುತ್ತಾಳೆ. ನಿಜವಾದ ಕೊಡೆಯೂ ಇದೆ, ಎದುರಿನವರು ಎಸೆದದ್ದನ್ನು ಅವರಿಗೇ ಹಿಂತಿರುಗಿಸಲು.

ಮಕ್ಕಳ ಕತೆ ಅಂತ ಮಕ್ಕಳ ಕೈಗೆ ಕೊಡಬೇಡಿ, ದಯವಿಟ್ಟು. ಆಲಿಸ್‌ಳ ಮನೆಗೆ ಬೆಂಕಿ ಬಿದ್ದು ಅಪ್ಪ, ಅಮ್ಮ, ಅಕ್ಕ ಸತ್ತಿದ್ದಾರೆ. ಅವಳು ಹುಚ್ಚಾಸ್ಪತ್ರೆಯಲ್ಲಿ ವರ್ಷಗಟ್ಟಲೆ ಇದ್ದವಳು. ಈಗ ವಿಕ್ಟೋರಿಯಾ ಕಾಲದ ಲಂಡನ್ನಿನ ಒಂದು ಅನಾಥಾಲಯದಲ್ಲಿ, ನೆನಪು ಅಳಿಸಿಹಾಕುವ ಡಾಕ್ಟರನ ಜೊತೆ. ನೆತ್ತರು ಧಾರಾಳ. ಆದರೆ ನೆತ್ತರಿಗಿಂತ ಗೊಂಬೆಮನೆಯ ಅಧ್ಯಾಯ ನನ್ನನ್ನು ಅಲ್ಲಾಡಿಸಿತು. ಆ ಗೊಂಬೆಗಳು ಯಾಕೆ ಹಾಗೆ ಮುರಿದಿವೆ ಎಂದು ತಿಳಿದ ರಾತ್ರಿ ನಾನು ಲ್ಯಾಪ್‌ಟಾಪ್ ಮುಚ್ಚಿ ತುಂಬ ಹೊತ್ತು ಅಂಗಳದಲ್ಲಿ ಕೂತಿದ್ದೆ. ನಾವೆಲ್ಲ ನಾಲ್ಕನೇ ವಯಸ್ಸಿಗೇ ಯಕ್ಷಗಾನದ ಬಣ್ಣದ ವೇಷ (ರಾಕ್ಷಸ ವೇಷ) ನೋಡಿ ಹೆದರಿ ಅಜ್ಜಿಯ ಸೆರಗಿನಲ್ಲಿ ಮಲಗಿದವರು. ಆ ಹೆದರಿಕೆ ಬೇರೆ. ಆ ವೇಷ ಬೆಳಗಾದರೆ ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಬಣ್ಣ ತೆಗೆದು ಚಾ ಕುಡಿಯುತ್ತಿರುತ್ತದೆ. ಇದು ಹಾಗಲ್ಲ.

ಮೂರನೇ ಭಾಗ ಬರುತ್ತದೆಂದು ತುಂಬ ಜನ ಕಾದಿದ್ದರು. 2023ರಲ್ಲಿ ಪ್ರಕಾಶಕರು ಒಪ್ಪಲಿಲ್ಲ, ಈ ಗೇಮ್ ಕಟ್ಟಿದ ಅಮೆರಿಕನ್ ಮೆಗೀ (ಹೆಸರೇ ಹಾಗೆ, ಮನುಷ್ಯನದ್ದು) ಇನ್ನು ಗೇಮ್ ಸಹವಾಸವೇ ಬೇಡ ಅಂದುಬಿಟ್ಟರು. ಸ್ಟುಡಿಯೋ ಅದಕ್ಕೂ ಮೊದಲೇ ಮುಚ್ಚಿತ್ತು. ಅಂದರೆ ಆ ಚೆಕ್‌ಪಾಯಿಂಟನ್ನು ಇನ್ನು ಯಾರೂ ಸರಿ ಮಾಡುವುದಿಲ್ಲ. ಕೊಳ್ಳುವವರು ಮೊದಲು ತಮ್ಮ ಬ್ಯಾಟರಿ ನೋಡಿಕೊಳ್ಳಿ. ಐದರಲ್ಲಿ ಮೂರೂವರೆ ನಕ್ಷತ್ರ ನನ್ನದು, ಆ ಅರ್ಧ ಪೂರ್ತಿ ಮೆಣಸಿಗೆ.

ಈಗ ಎರಡನೇ ಸುತ್ತು ಆಡುತ್ತಿದ್ದೇನೆ. ಈ ಸಲ ಮೊದಲ ಸುತ್ತಿನ ಆಯುಧಗಳೆಲ್ಲ ಶುರುವಿನಿಂದಲೇ ಕೈಯಲ್ಲಿರುತ್ತವೆ. ಆಯುಧ ಬಲಪಡಿಸಲು ಇಲ್ಲಿ ಕೊಡುವ ದುಡ್ಡು ಹಲ್ಲು, ಹೌದು, ಬಾಯಿಯ ಹಲ್ಲು. ರಜೆಗೆ ಬಂದ ತಂಗಿಯ ಮಗಳಿಗೆ ಈ ವಿಷಯ ಬಾಯಿತಪ್ಪಿ ಹೇಳಿದ್ದೇ ತಪ್ಪಾಯಿತು. ಅವಳ ಹಾಲುಹಲ್ಲು ಆ ವಾರವೇ ಬಿದ್ದಿತ್ತು. ಅಮ್ಮ ಸಗಣಿ ಉಂಡೆಯಲ್ಲಿಟ್ಟು ಮನೆಯ ಮಾಡಿಗೆ ಎಸೆಯಲು ಕರೆದರೆ “ಬೇಡ ಅಜ್ಜಿ, ಮಾವನಿಗೆ ಬೇಕಂತೆ” ಎಂದು ಮುಷ್ಟಿಯಲ್ಲೇ ಹಿಡಿದುಕೊಂಡಳು. ಅಮ್ಮ ನನ್ನನ್ನು ನೋಡಿದ ರೀತಿ!

ಕೊನೆಗೊಂದು ರಾಜಿ ಆಯಿತು. ಹಲ್ಲು ಮಾಡಿನ ಮೇಲೆ. ಬದಲಿಗೆ ಶುರುವಿನ ಹಸಿರು ಕಣಿವೆಯಲ್ಲಿ, ರಾಕ್ಷಸರು ಯಾರೂ ಇಲ್ಲದ ಜಾಗದಲ್ಲಿ, ಒಂದು ಹಂದಿ ಮೂತಿಗೆ ಮೆಣಸು ಹೊಡೆಯುವುದು ಅವಳ ಪಾಲು. ಗಿರಣಿ ತಿರುಗಿಸಿದಳು. ಮೂತಿ ಸೀನಿತು. ಅಂಗಳದಲ್ಲಿ ಮೆಣಸು ಕೇರುತ್ತಿದ್ದ ಅಮ್ಮನೂ ಅದೇ ಹೊತ್ತಿಗೆ ಸೀನಿದರು.